ಮಳೆಗಾಲದ ಮಕ್ಕಳಿಗೆ ರೇಖಾಗಣಿತದ ಆಟಿಕೆ ಬೇಕು

ಮಾನ್ಯ ಸಂಪಾದಕರೇ,

ಸಕಲೇಶಪುರ, ಆಲೂರು ಕಡೆಯ ಹಳ್ಳಿಗಳಲ್ಲಿ ಜಡಿಮಳೆ ಹಿಡಿಯಿತೆಂದರೆ ಮಕ್ಕಳಿಗೆ ಅಂಗಳದ ಆಟ ಇರುವುದಿಲ್ಲ. ಶಾಲೆ ಬಿಟ್ಟ ಮೇಲೆ ಅವರು ಹೋಗಿ ಕೂರಬಹುದಾದ ಜಾಗಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರವೂ ಒಂದು. ನಮ್ಮೂರಿನ ಕೇಂದ್ರದಲ್ಲಿ ಚೆಸ್, ಕೇರಂ ಇವೆ. ಅವುಗಳ ಜೊತೆಗೆ, ಕಡ್ಡಿಗಳನ್ನು ಜೋಡಿಸಿ ಆಕೃತಿ ಕಟ್ಟುವ ರೇಖಾಗಣಿತದ ಆಟಿಕೆಯನ್ನೂ ಒದಗಿಸಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನಗೆ ಇದರ ಬೆಲೆ ತಿಳಿದದ್ದು ತಡವಾಗಿ. ಘನಾಕೃತಿಗಳ ಪಾಠದಲ್ಲಿ ಹಿಂಬದಿಯ ಅಂಚುಗಳಿಗೆ ಚುಕ್ಕಿಗೆರೆ ಎಳೆದು ತೋರಿಸುತ್ತಿದ್ದೆ. ಮಕ್ಕಳು ಆ ಗೆರೆಗಳನ್ನು ನಕಲು ಮಾಡುತ್ತಿದ್ದರೇ ಹೊರತು ಘನಾಕೃತಿಯನ್ನು ಕಾಣುತ್ತಿರಲಿಲ್ಲ. ಕಳೆದ ವರ್ಷ ಮೊಮ್ಮಗಳಿಗೆಂದು ಮನೆಗೆ ಬಂದ ಜೋಮ್‌ಟೂಲ್ ಎಂಬ ಅಮೆರಿಕದ ಆಟಿಕೆಯನ್ನು ಅವಳೊಡನೆ ಕೂತು ಜೋಡಿಸಿದಾಗ ಆ ಪಾಠ ಎಲ್ಲಿ ಸೋಲುತ್ತಿತ್ತೆಂದು ಅರ್ಥವಾಯಿತು.

ಅದರಲ್ಲಿ ಇರುವುದು ಗೋಲಿಯಂಥ ಪ್ಲಾಸ್ಟಿಕ್ ಚೆಂಡುಗಳು ಮತ್ತು ಬಣ್ಣದ ಕಡ್ಡಿಗಳು, ಅಷ್ಟೇ. ಪ್ರತಿ ಚೆಂಡಿಗೂ 62 ತೂತುಗಳು: ಆಯತಾಕಾರದವು 30, ತ್ರಿಭುಜಾಕಾರದವು 20, ಪಂಚಭುಜಾಕಾರದವು 12. ನೀಲಿ ಕಡ್ಡಿ ಆಯತದಲ್ಲಿ, ಹಳದಿ ತ್ರಿಭುಜದಲ್ಲಿ, ಕೆಂಪು ಪಂಚಭುಜದಲ್ಲಿ ಮಾತ್ರ ಕೂರುವುದರಿಂದ, ಕೋನಮಾಪಕವನ್ನೇ ಹಿಡಿಯದ ಮಗುವಿನ ಕೈಯಲ್ಲೂ ಕೋನ ತಪ್ಪುವುದಿಲ್ಲ. ಒಂದೇ ಬಣ್ಣದ ಚಿಕ್ಕ ಕಡ್ಡಿ ಮತ್ತು ನಡುವಣ ಕಡ್ಡಿಯನ್ನು ಒಂದು ಚೆಂಡಿನಿಂದ ಸೇರಿಸಿದರೆ ಸರಿಯಾಗಿ ದೊಡ್ಡ ಕಡ್ಡಿಯ ಅಳತೆ ಬರುತ್ತದೆ. ಚೆಂಡಿನ ನಡುವಿನಿಂದ ಚೆಂಡಿನ ನಡುವಿಗೆ ಅಳೆದರೆ ಪ್ರತಿ ಅಳತೆಯೂ ತನಗಿಂತ ಚಿಕ್ಕದರ ಸುಮಾರು 1.618 ಪಟ್ಟು, ಈ ಸುವರ್ಣ ಅನುಪಾತ ಅಲ್ಲಿ ಬೆರಳಿಗೇ ಸಿಗುತ್ತದೆ. ಒಂದೇ ಅಳತೆಯ 30 ನೀಲಿ ಕಡ್ಡಿಗಳಿಂದ 20 ತ್ರಿಭುಜ ಮುಖಗಳ ಘನಾಕೃತಿಯೊಂದನ್ನು ಕಟ್ಟಿ ಮುಗಿಸಿದಾಗ ಖರ್ಚಾದ ಚೆಂಡುಗಳು 12. ಮುಖಗಳಿಗೆ ಶೃಂಗಗಳನ್ನು, ಅಂದರೆ ಚೆಂಡುಗಳಿರುವ ಮೂಲೆಗಳನ್ನು, ಕೂಡಿದರೆ ಅಂಚುಗಳಿಗಿಂತ ಎರಡು ಹೆಚ್ಚು ಬರುತ್ತದೆ ಎಂಬ ಆಯ್ಲರನ ಸೂತ್ರವನ್ನು ಹೇಳಿಕೊಡಲು ನಾನು ಹೊರಟಿದ್ದೆ. ಅಷ್ಟರಲ್ಲಿ ಮೊಮ್ಮಗಳು ಚೆಂಡನ್ನು ತಿರುಗಿಸಿ ನೋಡಿ, "ಅಜ್ಜಿ, ತೂತುಗಳ ಲೆಕ್ಕವೂ ಇದೇ ಅಲ್ವಾ, 30, 20, 12?" ಎಂದಳು. ಇಷ್ಟು ವರ್ಷ ಪಾಠ ಮಾಡಿದ ನಾನು ಅದನ್ನು ಗಮನಿಸಿರಲಿಲ್ಲ.

ಆಮದಾದ ಈ ಆಟಿಕೆ ದುಬಾರಿ. ಪ್ರತಿ ಪಂಚಾಯಿತಿಗೂ ಕೊಡಿ ಎಂದು ನಾನು ಕೇಳುತ್ತಿಲ್ಲ. ಕಿಂಡರ್‌ಗಾರ್ಟನ್ ಆರಂಭಿಸಿದ ಜರ್ಮನಿಯ ಫ್ರೋಬೆಲ್ 19ನೇ ಶತಮಾನದಲ್ಲೇ ನೆನೆಸಿದ ಬಟಾಣಿ ಮತ್ತು ಕಡ್ಡಿಗಳಿಂದ ಮಕ್ಕಳ ಕೈಯಲ್ಲಿ ಆಕೃತಿ ಕಟ್ಟಿಸಿದ್ದರು. ನಮ್ಮ ದೇಶದವರೇ ಆದ, ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ ಟ್ಯೂಬ್ ಬಳಸಿ ಅದೇ ಕೆಲಸ ಮಾಡಿ ತೋರಿಸಿದ್ದಾರೆ. ಟ್ಯೂಬಿನ ತುಂಡುಗಳಿಂದ ಜೋಡಿಸಿದ ಚೌಕ ಒತ್ತಿದರೆ ಓರೆಯಾಗುತ್ತದೆ, ತ್ರಿಭುಜ ಅಲುಗುವುದಿಲ್ಲ. ಹೆಂಚಿನ ಮನೆಯ ಸೂರಿಗೆ ಓರೆ ಮರ ಏಕೆ ಕೊಡುತ್ತಾರೆಂದು ಮಲೆನಾಡಿನ ಮಗುವಿಗೆ ಆಗ ಬೇರೆ ವಿವರಣೆ ಬೇಕಾಗದು. ಈ ಒಂದು ವಿಷಯದಲ್ಲಿ ವಾಲ್ ಟ್ಯೂಬೇ ದುಬಾರಿ ಆಟಿಕೆಗಿಂತ ಚೆನ್ನಾಗಿ ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಹಾಸನ ಜಿಲ್ಲಾ ಪಂಚಾಯಿತಿಯು ಅರಿವು ಕೇಂದ್ರಗಳಿಗೆ ಇಂಥ ಅಗ್ಗದ ಸಾಮಗ್ರಿಯನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಒದಗಿಸಿ, ಗ್ರಂಥಪಾಲಕರಿಗೆ ಒಂದು ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಬೇಕು. ಜೊತೆಗೆ ಇನ್ನೊಂದು ಮಾತು. ಬಿಡಿಭಾಗ ಕಳೆದರೆ ಲೆಕ್ಕ ಒಪ್ಪಿಸಬೇಕಾದೀತೆಂಬ ಅಂಜಿಕೆಯಿಂದ ಗಣಿತದ ಕಿಟ್‌ಗಳು ಬೀರುವಿನಲ್ಲೇ ಉಳಿದದ್ದನ್ನು ನಾನು ಕೆಲವು ಶಾಲೆಗಳಲ್ಲಿ ಕಂಡಿದ್ದೇನೆ. ಹಾಗಾಗಿ ಈ ಸಾಮಗ್ರಿಯನ್ನು ದಾಸ್ತಾನು ವಹಿಯಲ್ಲಿ ಸೀಮೆಸುಣ್ಣದಂತೆ ಬಳಸಿ ಮುಗಿಯುವ ವಸ್ತುವೆಂದು ನಮೂದಿಸಲು ಅವಕಾಶ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಗಣಿತ ಶಿಕ್ಷಕಿ
ಸಕಲೇಶಪುರ, ಹಾಸನ ಜಿಲ್ಲೆ