ಸಾಲವಿಲ್ಲದೆ ಮುಗಿದ ವರ್ಷಕ್ಕೆ ವಂದನೆ

ಪ್ರಿಯರೇ,

2024-25ರ ನಮ್ಮ ಲೆಕ್ಕಪರಿಶೋಧನೆ ಮುಗಿದಿದೆ. ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ಆರೈಕೆ ಮಾಡುವ ನಮ್ಮ ಪುಟ್ಟ ಟ್ರಸ್ಟಿಗೆ ಒಂದು ರೂಪಾಯಿಯೂ ಸಾಲವಿಲ್ಲ. ದಾದಿಯರ ಸಂಬಳ ಯಾವ ತಿಂಗಳೂ ತಡವಾಗಲಿಲ್ಲ. ಮಳೆಗಾಲದಲ್ಲಿ ಕೈಯಲ್ಲಿದ್ದ ಹಣ ಕರಗುತ್ತಾ ಹೋದಾಗ ಹೀಗೆ ಬರೆಯಬಲ್ಲೆನೆಂಬ ಭರವಸೆ ನನಗಿರಲಿಲ್ಲ. ದೇವರಿಗೆ ಸ್ತೋತ್ರ, ನಿಮಗೆ ಹೃದಯ ತುಂಬಿದ ಕೃತಜ್ಞತೆ.

ಮೊದಲ ವಂದನೆ ಬೆಳೆ ಹಬ್ಬದ ಏಲಂನಲ್ಲಿ ಕೂಗಿದವರಿಗೆ. ಉಡುಪಿ ಕಡೆಯ ನಮ್ಮ ಕ್ರೈಸ್ತ ಸಭೆಯಲ್ಲಿ ಆ ದಿನ ಹಿತ್ತಲಿನ ಮೊದಲ ಫಲವನ್ನು ದೇವರ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಏಲಂ ಹಾಕುತ್ತೇವೆ. ಒಂದು ಸೌತೆಕಾಯಿಯನ್ನು ಪೇಟೆಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಕೊಂಡು, ಅದನ್ನೇ ಮತ್ತೆ ಏಲಂಗೆ ಬಿಟ್ಟುಕೊಟ್ಟವರಿದ್ದಾರೆ! ಆ ಹಣದ ಒಂದು ಪಾಲನ್ನು ಸಭೆ ನಮಗೆ ಕೊಟ್ಟಿತು. ಮಲಗಿ ಮಲಗಿ ಬೆನ್ನು ಹುಣ್ಣಾದವರಿಗೆ ಗಾಳಿಹಾಸಿಗೆ ಬಂದದ್ದು ಅದರಿಂದ.

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನಮಗೆ ನೋಂದಣಿ ಇಲ್ಲ, ಹಾಗಾಗಿ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಆದರೆ ದುಬೈ, ಕುವೈತ್‌ಗಳಲ್ಲಿ ದುಡಿಯುವ ಭಾರತೀಯ ಪ್ರಜೆಗಳು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ತಿಂಗಳು ತಪ್ಪದೆ ಕಳುಹಿಸಿದ ನಿಮ್ಮ ಹಣ ನಮ್ಮನ್ನು ಮಳೆಗಾಲ ದಾಟಿಸಿತು. ಪೌರತ್ವ ಬದಲಾದವರಿಂದ ಮಾತ್ರ ನಾವು ಪಡೆಯುವಂತಿಲ್ಲ. ಕೆನಡಾ, ಬ್ರಿಟನ್‌ನಲ್ಲಿರುವ ಕೆಲವು ಆಪ್ತರಿಗೆ ಬೇಡವೆಂದು ಬರೆಯಬೇಕಾಯಿತು. ಅವರು ಮುನಿಸಿಕೊಳ್ಳದೆ ನಮ್ಮನ್ನು ಪ್ರಾರ್ಥನೆಯಲ್ಲಿ ನೆನೆಯುತ್ತಲೇ ಇದ್ದಾರೆ. ಆ ಋಣವೂ ಸಣ್ಣದಲ್ಲ.

ಇನ್ನು ನಮ್ಮ ಖಜಾಂಚಿ. ನಿವೃತ್ತ ಬ್ಯಾಂಕ್ ನೌಕರರಾದ ಅವರದು ಸಂಬಳವಿಲ್ಲದ ದುಡಿಮೆ. ತೆರಿಗೆ ನಿಯಮದಂತೆ ಟ್ರಸ್ಟಿನ ಆದಾಯದ ಶೇ 85ರಷ್ಟಾದರೂ ಸೇವೆಗೆ ವಿನಿಯೋಗವಾಗಬೇಕು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ದಾನಿಗೆ ಆದಾಯ ತೆರಿಗೆ ಕಾಯ್ದೆಯ 80ಜಿ ವಿನಾಯಿತಿ ಸಿಗುವುದಿಲ್ಲ. ದಾನಿಗಳ ವಿವರ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಬೇಕು. ಇಷ್ಟನ್ನೂ ನೋಡಿಕೊಂಡು, ಚಿಲ್ಲರೆ ಕಾಣಿಕೆಗೂ ರಸೀದಿ ಬರೆದರು. ಬೈಬಲಿನಲ್ಲಿ ಓದುವಂತೆ, ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಅಪೊಸ್ತಲ ಪೌಲನು ಒಬ್ಬನೇ ಒಯ್ಯಲಿಲ್ಲ, ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡನು. ಕರ್ತನ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ನಡೆ ಸರಿಯಾಗಿರಬೇಕೆಂಬುದು ಅವನ ಕಾಳಜಿ. ಬಡವರ ಹೆಸರಿನಲ್ಲಿ ಹಣ ಪಡೆಯುವ ಎಲ್ಲರಿಗೂ ಆ ಕಾಳಜಿ ಇರಲೇಬೇಕೆಂದು ನಾನು ನಂಬಿದ್ದೇನೆ.

ಆಯವ್ಯಯ ಪಟ್ಟಿಯನ್ನು ಸಭೆಯ ಸೂಚನಾ ಫಲಕದಲ್ಲಿ ಹಾಕಿದ್ದೇವೆ. ದಯವಿಟ್ಟು ಓದಿ, ಸಂದೇಹವಿದ್ದರೆ ಕೇಳಿ. ರಸೀದಿ ಇನ್ನೂ ಸಿಗದವರು ಭಾನುವಾರದ ಆರಾಧನೆಯ ನಂತರ ಖಜಾಂಚಿಯವರನ್ನು ಕಾಣಬಹುದು.

ನಿಮ್ಮ ಸೇವೆಯಲ್ಲಿ,
ಟ್ರಸ್ಟಿನ ಕಾರ್ಯದರ್ಶಿ