ಹಲ್ಲಿ ಸಾಕುತ್ತೇನೆ ಎಂದ ಮಗಳಿಗೆ

ಕಲಬುರಗಿ
ಭಾನುವಾರ

ಅವ್ವೀ,

ನೀನು ಕಳಿಸಿದ ವಿಡಿಯೊ ಮನೆಯವರೆಲ್ಲ ನೋಡಿದೆವು. ಹಳದಿ ಮೈ, ಮೇಲೆ ಕರಿ ಚುಕ್ಕೆ, ದಪ್ಪ ಬಾಲ, ನಕ್ಕಂತೆ ಕಾಣುವ ಬಾಯಿ. ಲೆಪರ್ಡ್ ಗೆಕ್ಕೊ ಅಂತೆ. ನಿನ್ನ ಅವ್ವ "ಛಂದ ಅದ" ಎಂದಳು. ಆಯಿ ಕನ್ನಡಕ ಏರಿಸಿ, ಫೋನು ದೂರ ಹಿಡಿದು ನೋಡಿ, "ಹಲ್ಲಿಗಿ ಮನಿ ಕಟ್ಟಿ ಕೊಡ್ತಾಳಂತೇನು? ನಮ್ ಗ್ವಾಡಿ ಮ್ಯಾಲ ಇದ್ದವು ಸಾಕಾಗಂಗಿಲ್ಲೇನು?" ಎಂದಳು. ಸಾಕಲೋ ಬೇಡವೋ ಎಂದು ನೀನು ನನ್ನನ್ನು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಆಯ್ತು ಪಪ್ಪಾ" ಎಂದು ಇಟ್ಟುಬಿಡುತ್ತೀಯ. ಅದಕ್ಕೆ ಬರೆಯುತ್ತಿದ್ದೇನೆ.

ನನಗೆ ಇದು ಹುಚ್ಚು ಆಸೆ ಅನ್ನಿಸಲಿಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಅಂಗಡಿ ಇಟ್ಟವನಿಗೆ ಈ ಜೀವಗಳು ಹೊಸವಲ್ಲ. ಶಹಾಬಾದಿನಿಂದ ಲಾರಿ ಬಂದು ಕಲ್ಲು ಒಟ್ಟಿ ಹೋದ ಸ್ವಲ್ಪ ದಿನಕ್ಕೇ ಸಂದಿಯಲ್ಲಿ ಯಾವುದಾದರೂ ಸೇರಿಕೊಂಡಿರುತ್ತದೆ. ಗಿರಾಕಿಗೆ ತೋರಿಸೋಣ ಎಂದು ಮೇಲಿನ ಹಾಸು ಎತ್ತಿದರೆ ಹಾವುರಾಣಿಯೊಂದು ಮೈ ಮಿಂಚಿಸುತ್ತಾ ಪಕ್ಕದ ಸಂದಿಗೆ ಜಾರುತ್ತದೆ. ಗಿರಾಕಿ ಎರಡು ಹೆಜ್ಜೆ ಹಿಂದೆ ಜಿಗಿಯುತ್ತಾನೆ. ಅದು ಏನೂ ಮಾಡಲ್ಲ ಎಂದು ಹೇಳುವುದು ನನ್ನ ವ್ಯಾಪಾರದ ಭಾಗವೇ ಆಗಿದೆ. ಮಳೆ ಹಿಡಿಯುವ ಹೊತ್ತಿಗೆ ಗಂಡು ಓತಿಕೇತ ತಲೆ, ಕತ್ತು ಕೆಂಪಗೆ ಮಾಡಿಕೊಂಡು ಕಲ್ಲಿನ ತುದಿಗೆ ಏರಿ ದಂಡ ಹೊಡೆಯುತ್ತದೆ. ಈ ಜಾಗ ನಂದು, ನೀ ಬರಬೇಡ ಅಂತ ಇನ್ನೊಂದು ಗಂಡಿಗೆ ಹೇಳುವ ರೀತಿ ಅದು. ಗಿರಾಕಿ ಇಲ್ಲದ ಮಧ್ಯಾಹ್ನ ಅದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಓಣಿಯ ಹುಡುಗರು ಕಲ್ಲು ಹಿಡಿದು ಬಂದರೆ ಮಾತ್ರ ನಾನು ಎದ್ದು ಗದರಿಸುತ್ತೇನೆ.

ಇನ್ನು ಹಲ್ಲಿ. ಮುಂದಿನ ಸಲ ಬಂದಾಗ ರಾತ್ರಿ ಅಡುಗೆಮನೆ ಕಿಟಕಿಯ ಹತ್ತಿರ ನಿಲ್ಲು. ಹಲ್ಲಿ ಗಾಜಿನ ಆಚೆ ಬದಿಗೆ ಅಂಟಿಕೊಂಡಿರುತ್ತದೆ, ನಮಗೆ ಅದರ ಹೊಟ್ಟೆ ಕಾಣುತ್ತದೆ. ಹೆಣ್ಣಾಗಿದ್ದು ಬಸಿರಾಗಿದ್ದರೆ ತೆಳು ಚರ್ಮದ ಒಳಗೆ ಎರಡು ಬಿಳಿ ಮೊಟ್ಟೆ, ನೆನೆಸಿದ ಸಾಬೂದಾಣಿ ಕಂಡಂತೆ ಕಾಣುತ್ತವೆ. ಬೆರಳಿನ ಕೆಳಗೆ ಅಡ್ಡಗೆರೆಗಳು. ಆ ಗೆರೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ರಾಶಿ ರಾಶಿ ಇರುತ್ತವೆ. ಕಾಲಲ್ಲಿ ಅಂಟು ಪಂಟು ಏನೂ ಇಲ್ಲ. ಕೂದಲ ತುದಿಯ ಅಣುಗಳಿಗೂ ಗಾಜಿನ ಅಣುಗಳಿಗೂ ನಡುವೆ ಇರುವ ಸೆಳೆತದ ಮೇಲೇ ಅದು ನಿಂತಿರುತ್ತದೆ. ಅಮೆರಿಕದ ವಿಜ್ಞಾನಿಗಳು ಟೋಕೆ ಎಂಬ ದೊಡ್ಡ ಹಲ್ಲಿಯ ಕಾಲಿನ ಮೇಲೆ ಪ್ರಯೋಗ ಮಾಡಿ 2002ರಲ್ಲಿ ಇದನ್ನು ತೋರಿಸಿದರು. ಇದೆಲ್ಲ ನಮ್ಮ ಕಿಟಕಿಯಲ್ಲಿ ದಿನಾ ಪುಕ್ಕಟೆ ನಡೆಯುತ್ತದೆ. ಆಯಿಗೆ ಮಾತ್ರ ಹಲ್ಲಿ ಲೊಚಗುಟ್ಟಿದರೆ ಸಾಕು, ನೆಲಕ್ಕೆ ಬೆರಳು ತಟ್ಟಿ "ಶಿವ ಶಿವ".

ನಿನ್ನ ಲೆಪರ್ಡ್ ಗೆಕ್ಕೊಗೆ ಆ ಕೂದಲಿಲ್ಲ, ಬರೀ ಉಗುರು. ಹಾಗಾಗಿ ಗಾಜು ಹತ್ತಲಾರದು. ಆದರೆ ನಮ್ಮ ಹಲ್ಲಿಗೆ ಇಲ್ಲದ ಒಂದು ಅದಕ್ಕಿದೆ. ಕಣ್ಣಿಗೆ ರೆಪ್ಪೆ. ನಮ್ಮದು ನಾಲಿಗೆಯಿಂದ ಕಣ್ಣು ಒರೆಸಿಕೊಳ್ಳುತ್ತದೆ, ಅದು ಕಣ್ಣು ಮುಚ್ಚಿ ತೆರೆಯುತ್ತದೆ. ನಿನಗೆ ಅದು ಮುದ್ದು ಅನ್ನಿಸಿದ್ದರಲ್ಲಿ ಅರ್ಧ ಪಾಲು ಈ ರೆಪ್ಪೆಯದು, ಇನ್ನರ್ಧ ಆ ಬಾಯಿಯದು. ದೊಡ್ಡ ತಲೆ, ದೊಡ್ಡ ಕಣ್ಣು, ಸಣ್ಣ ಮೈ ಕಂಡರೆ ಮನುಷ್ಯರಿಗೆ ಕೂಸು ನೆನಪಾಗಿ ಮನಸ್ಸು ಕರಗುತ್ತದೆ ಎಂದು ಕೊನ್ರಾಡ್ ಲೊರೆನ್ಸ್ ಎಂಬ ವಿಜ್ಞಾನಿ 1943ರಲ್ಲೇ ಬರೆದಿದ್ದ. ಆದರೆ ಆ ನಗು ನಗು ಅಲ್ಲ. ದವಡೆಯ ಆಕಾರವೇ ಹಾಗಿದೆ. ಹೆದರಿದಾಗಲೂ ಅದೇ ಮುಖ, ಜಡ್ಡಾದಾಗಲೂ ಅದೇ ಮುಖ. ಸಾಕುವವಳು ಮುಖ ನೋಡಿ ಸಮಾಧಾನ ಪಟ್ಟುಕೊಂಡರೆ ಕೆಟ್ಟಳು. ಬಾಲ ನೋಡಬೇಕು. ಅದು ಕೊಬ್ಬು ಕೂಡಿಡುವುದು ಬಾಲದಲ್ಲಿ. ಬಾಲ ಸೊರಗಿದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಬಾಲ ಹಿಡಿದು ಎತ್ತಬೇಡ ಮತ್ತೆ, ನಮ್ಮ ಹಲ್ಲಿಯ ಹಾಗೇ ಕಳಚಿಟ್ಟು ಓಡುತ್ತದೆ. ಮತ್ತೆ ಬೆಳೆಯುತ್ತದೆ, ಆದರೆ ಮೊದಲಿನ ಚಂದ ಬರುವುದಿಲ್ಲ.

ನಿನ್ನ ಗೆಳತಿಯ ಮನೆಯ ಬಿಯರ್ಡೆಡ್ ಡ್ರ್ಯಾಗನ್ ವಿಡಿಯೊ ಕಳಿಸಿ "ಪಪ್ಪಾ, ಟಾಟಾ ಮಾಡ್ತಿದೆ ನೋಡಿ" ಎಂದು ಬರೆದಿದ್ದೆ. ಆಸ್ಟ್ರೇಲಿಯಾದ ಆ ಓತಿಕೇತ ಕೈ ಎತ್ತಿ ನಿಧಾನಕ್ಕೆ ತಿರುಗಿಸುವುದು ತನಗಿಂತ ದೊಡ್ಡವರ ಮುಂದೆ. ನಾನು ಸಣ್ಣವನು, ಜಗಳ ಬೇಡ ಅಂತ. ನೀವು ಮೂವರು ಹುಡುಗಿಯರು ಫೋನು ಹಿಡಿದು ಮುಖದ ಹತ್ತಿರ ಬಗ್ಗಿದರೆ ಪಾಪ ಅದು ಇನ್ನೇನು ಹೇಳೀತು?

ಇಷ್ಟು ಓದಿ ಪಪ್ಪಾ ಬೇಡ ಅಂತಾನೆ ಎಂದುಕೊಳ್ಳಬೇಡ. ನಿನ್ನ ಆಸೆಯಲ್ಲಿ ನನಗೆ ಹಿಡಿಸಿದ್ದೂ ಇದೆ. ನಾಯಿಯನ್ನು ಬೆಳಗಿನಿಂದ ಸಂಜೆವರೆಗೆ ಒಬ್ಬಂಟಿ ಬಿಟ್ಟು ಆಫೀಸಿಗೆ ಹೋದರೆ ಅದು ಕೊರಗುತ್ತದೆ, ಓಣಿಯವರ ನಿದ್ದೆಯೂ ಹಾಳು. ಈ ಪ್ರಾಣಿ ಹಗಲೆಲ್ಲ ಮಲಗಿ, ಹೊತ್ತು ಮುಳುಗಿದ ಮೇಲೆ ಏಳುತ್ತದೆ. ನೀನು ಬಸ್ಸು, ಮೆಟ್ರೊ ಎಲ್ಲ ಹತ್ತಿಳಿದು ರೂಮಿಗೆ ಬರುವುದೂ ಆಗಲೇ. ಕೂಗುವುದಿಲ್ಲ, ಕೂದಲು ಉದುರಿಸುವುದಿಲ್ಲ, ದೊಡ್ಡದಕ್ಕೆ ದಿನ ಬಿಟ್ಟು ದಿನ ಊಟ ಕೊಟ್ಟರೆ ನಡೆಯುತ್ತದೆ. ಒಂದು ಮೂಲೆಯನ್ನೇ ಪಾಯಖಾನೆ ಮಾಡಿಕೊಳ್ಳುತ್ತದಂತೆ. ನಿನ್ನ ರೂಮಿನ ಸ್ಥಿತಿ ನೋಡಿದರೆ ಅದೇ ನಿನಗೆ ಏನಾದರೂ ಕಲಿಸಬಹುದು.

ಆದರೆ ಅದು ನಿನ್ನನ್ನು ಪ್ರೀತಿಸುವುದಿಲ್ಲ. ಅಂಗೈ ಮೇಲೆ ಸುಮ್ನೆ ಕೂರುವುದು ನಿನ್ನ ಕೈ ಬೆಚ್ಚಗಿದೆ ಅಂತ, ನಿನ್ನಿಂದ ಅಪಾಯ ಇಲ್ಲ ಅಂತ. ಅಷ್ಟೇ. ಹೆಚ್ಚಿನವರಿಗೆ ಇದು ಗೊತ್ತಾದ ಕೂಡಲೇ ಆಸೆ ಇಳಿಯುತ್ತದೆ. ನನಗೆ ಮಾತ್ರ ಇದರ ರುಚಿಯೇ ಅಲ್ಲಿದೆ ಅನ್ನಿಸುತ್ತದೆ. ನನ್ನ ಓತಿಕೇತ ನಾನಿದ್ದೇನೆ ಎಂದು ದಂಡ ಹೊಡೆಯುವುದಿಲ್ಲ. ಅದರ ಬದುಕು ಅದರದು, ನಾನು ನೋಡುವವನು. ಹಾಗೆ ನೋಡುತ್ತಾ ಕೂರುವ ತಾಳ್ಮೆ ನಿನಗಿದ್ದರೆ ಸಾಕು. ಎತ್ತಿ ಮುದ್ದು ಮಾಡಬೇಕು, ಟೋಪಿ ಹಾಕಿ ಫೋಟೊ ತೆಗೆಯಬೇಕು ಅನ್ನುವುದಾದರೆ ಬೇಡವೇ ಬೇಡ.

ಇನ್ನೊಂದು, ಆಯುಷ್ಯ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ಅಷ್ಟರಲ್ಲಿ ನಿನ್ನ ಕೆಲಸ, ಊರು, ಮನೆ ಎಲ್ಲ ಬದಲಾಗಿರುತ್ತದೆ. "ಹುಡುಗ ನೋಡಕ್ ಬಂದಾಗ ಮೊದಲ ಇದನ್ನ ಹೇಳಬೇಕಾಗ್ತದ" ಎಂದು ನಿನ್ನ ಅವ್ವ ಈಗಲೇ ಚಿಂತೆ ಶುರು ಮಾಡಿದ್ದಾಳೆ.

ಊಟದ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲಿ ನಿಜವಾದ ಗದ್ದಲ ಅದೇ. ಲೆಪರ್ಡ್ ಗೆಕ್ಕೊ ತಿನ್ನುವುದು ಹುಳ, ಅದೂ ಜೀವಂತ. ರಾತ್ರಿ ಚಿರ್ ಎನ್ನುವ ಹುಳ, ಇಲ್ಲವೇ ಮೀಲ್‌ವರ್ಮ್. ಈ ಮೀಲ್‌ವರ್ಮನ್ನು ಡಬ್ಬಿಯಲ್ಲಿ ತೌಡು ಹಾಕಿ ಸಾಕುತ್ತಾರೆ. ತೊಗರಿಗೆ, ಜೋಳಕ್ಕೆ ಹುಳ ಬೀಳಬಾರದೆಂದು ಬೇವಿನ ಸೊಪ್ಪು ಹಾಕಿಡುವ ಆಯಿಗೆ ಮೊಮ್ಮಗಳು ತೌಡಿನಲ್ಲಿ ಬೇಕೆಂದೇ ಹುಳ ಬೆಳೆಸುತ್ತಾಳೆ ಎಂದು ಹೇಳುವ ಧೈರ್ಯ ನನಗಿಲ್ಲ, ನೀನೇ ಹೇಳು. ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡುವುದನ್ನು ತಪ್ಪಿಸಬಾರದು. ಕ್ಯಾಲ್ಸಿಯಂ, ವಿಟಮಿನ್ ಡಿ3 ಸಾಲದೆ ಹೋದರೆ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ, ದವಡೆ ಬಾಗುತ್ತದೆ.

ಹುಳ ಬೇಡದ ಹಲ್ಲಿ ಇದೆಯಾ ಎಂದು ನಾನೂ ಹುಡುಕಿದೆ. ಇದೆ, ಕ್ರೆಸ್ಟೆಡ್ ಗೆಕ್ಕೊ. ಕಣ್ಣಿನ ಮೇಲೆ ಕಾಡಿಗೆ ಹಚ್ಚಿದ ರೆಪ್ಪೆಗೂದಲಿನ ಹಾಗೆ ಮುಳ್ಳಿನ ಸಾಲು. ನ್ಯೂ ಕ್ಯಾಲೆಡೋನಿಯಾ ದ್ವೀಪದ್ದು. ನಿರ್ವಂಶ ಆಗಿಹೋಯಿತು ಎಂದೇ ತಿಳಿದಿದ್ದರು, 1994ರಲ್ಲಿ ಮತ್ತೆ ಸಿಕ್ಕಿತು. ಈಗ ಜಗತ್ತಿನ ತುಂಬ ಸಾಕುತ್ತಾರೆ. ಹಣ್ಣಿನ ರುಚಿಯ ಸಿದ್ಧ ಪುಡಿ ನೀರಲ್ಲಿ ಕಲಸಿಟ್ಟರೆ ನೆಕ್ಕಿಕೊಂಡು ಬದುಕುತ್ತದೆ. ಆದರೆ 28 ಡಿಗ್ರಿ ದಾಟಿದರೆ ಅದಕ್ಕೆ ತಡೆಯುವುದಿಲ್ಲ. ನಮ್ಮೂರಲ್ಲಿ ಮೇ ತಿಂಗಳು 42, 43. ಆಯಿಗೆ ಒಪ್ಪುವ ಹಲ್ಲಿಗೆ ನಮ್ಮೂರು ಒಪ್ಪುವುದಿಲ್ಲ!

ಲೆಪರ್ಡ್ ಗೆಕ್ಕೊ ಒಣನಾಡಿನದು, ಆದರೂ ಅದಕ್ಕೂ ಪೆಟ್ಟಿಗೆಯ ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು ಬೇಕು. ಬಿಸಿ ಕಡೆ ಸುಮಾರು 32 ಡಿಗ್ರಿ. ಮೈಯೊಳಗೆ ಶಾಖ ಹುಟ್ಟಿಸಿಕೊಳ್ಳಲು ಬಾರದ ಪ್ರಾಣಿ, ಹೊಟ್ಟೆ ಬೆಚ್ಚಗಾಗದಿದ್ದರೆ ತಿಂದದ್ದು ಅರಗುವುದಿಲ್ಲ. ಬೆಂಗಳೂರಿನ ಚಳಿಗೆ ಹೀಟ್ ಮ್ಯಾಟ್, ಅದರ ಬಿಸಿ ಹತೋಟಿಯಲ್ಲಿಡಲು ಥರ್ಮೋಸ್ಟಾಟ್ ಬೇಕೇ ಬೇಕು. ಬೇಸಿಗೆ ರಜೆಗೆ ಮಾತ್ರ ಅದನ್ನು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಎತ್ತಿಕೊಂಡು ಇಲ್ಲಿಗೆ ಬರಬೇಡ. ಇಲ್ಲಿ ತಂಪು ಬದಿ ಎಲ್ಲಿಂದ ತರಲಿ, ಅದರ ಮೇಲೆ ಕರೆಂಟು ಬೇರೆ ಹೋಗುತ್ತದೆ.

ಈಗ ನಾನು ಗಟ್ಟಿಯಾಗಿ ಹೇಳುವ ಮಾತು. ಯಾರಾದರೂ ನಕ್ಷತ್ರ ಆಮೆ ತೋರಿಸಿದರೆ ಮುಟ್ಟಲೂ ಬೇಡ. ಮನೆಗೆ ಲಕ್ಷ್ಮಿ ಬರುತ್ತಾಳೆ ಎಂದು ಜನ ಅದನ್ನು ಬಕೀಟಿನಲ್ಲಿ ಬಚ್ಚಿಟ್ಟು ಸಾಕುತ್ತಾರೆ. ಬೆನ್ನ ಮೇಲಿನ ಆ ಚಿತ್ತಾರವೇ ಅದಕ್ಕೆ ಶಾಪವಾಗಿದೆ. ಚೀಲದಲ್ಲಿ ತುಂಬಿ ಹೊರದೇಶಕ್ಕೆ ಕದ್ದು ಸಾಗಿಸುತ್ತಾರೆ. ದೇಶ ದೇಶಗಳ ನಡುವಿನ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ 2019ರಲ್ಲಿ ಸೇರಿಸಿ ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಲ್ಲಿಸಿದ್ದಾರೆ. ನಮ್ಮ ವನ್ಯಜೀವಿ ಕಾಯ್ದೆಯಲ್ಲೂ ಸಾಕುವುದು ಅಪರಾಧ. ಇನ್ನು ಅಕ್ವೇರಿಯಂ ಅಂಗಡಿಗಳಲ್ಲಿ ಕಾಣುವ, ಕಿವಿ ಹತ್ತಿರ ಕೆಂಪು ಪಟ್ಟಿ ಇರುವ ಹಸಿರು ಆಮೆಮರಿ. ರೂಪಾಯಿ ನಾಣ್ಯದಷ್ಟಿರುತ್ತದೆ, ತುಂಬ ಮುದ್ದು. ಬೆಳೆದರೆ ಊಟದ ತಟ್ಟೆಯಷ್ಟು, ಮೂವತ್ತು ವರ್ಷ ಬದುಕುತ್ತದೆ. ಬೇಜಾರಾದವರು ಕೆರೆಗೆ ಬಿಟ್ಟು ಬರುತ್ತಾರೆ, ಅಲ್ಲಿ ಊರಿನ ಆಮೆಗಳ ಜಾಗ ಅದು ನುಂಗುತ್ತದೆ. ಅದರದೇ ತವರು ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಆಮೆ ಮಾರುವುದನ್ನು 1975ರಲ್ಲೇ ನಿಷೇಧಿಸಿದರು. ಮಕ್ಕಳಿಗೆ ಅವುಗಳಿಂದ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ರೋಗಾಣು ಹತ್ತುತ್ತಿತ್ತು. ನೀನೂ ಯಾವುದನ್ನು ಮುಟ್ಟಿದರೂ ಸೋಪು ಹಾಕಿ ಕೈ ತೊಳೆ, ಪೆಟ್ಟಿಗೆಯ ಸಾಮಾನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡ.

ಲೆಪರ್ಡ್ ಗೆಕ್ಕೊ ಅಫ್ಘಾನಿಸ್ತಾನ, ಪಾಕಿಸ್ತಾನದ ಜೊತೆಗೆ ನಮ್ಮ ವಾಯುವ್ಯ ಭಾರತದ್ದೂ ಹೌದು. ಅದರ ದಾಯಾದಿಗಳು ಸಾತ್ಪುಡಾ ಬೆಟ್ಟದಲ್ಲೂ ಇವೆ. ನಮ್ಮ ವನ್ಯಜೀವಿ ಕಾಯ್ದೆ ಇದಕ್ಕೂ ತಗುಲಬಹುದು, ಹಾಗಾಗಿ ದುಡ್ಡು ಕೊಡುವ ಮೊದಲು ಅರಣ್ಯ ಇಲಾಖೆಗೆ ಹೋಗಿ ಇದನ್ನು ಸಾಕಬಹುದೇ ಎಂದು ಲಿಖಿತವಾಗಿ ಕೇಳು. ಅವರು ಬೇಡ ಎಂದರೆ ಮಾತು ಮುಗಿಯಿತು. ಇಗುವಾನಾ, ಬಾಲ್ ಪೈಥಾನ್ ಥರ ಸೈಟಿಸ್ ಪಟ್ಟಿಯ ಹೊರದೇಶದ ಪ್ರಾಣಿ ಇಟ್ಟವರು 2024ರ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮಾರುವವನು "ಎಲ್ಲಾ ಲೀಗಲ್ ಮೇಡಂ" ಅನ್ನುತ್ತಾನೆ, ಅವನ ಗೆಳೆಯನೂ ಹೌದು ಅನ್ನುತ್ತಾನೆ. ಓತಿಕೇತಕ್ಕೆ ಬೇಲಿ ಸಾಕ್ಷಿ. ಎಲ್ಲಿ ಹುಟ್ಟಿತು, ತಂದೆ ತಾಯಿ ಯಾರ ಹತ್ತಿರ ಇದ್ದವು ಎಂಬ ಕಾಗದ ತೋರಿಸಲಿ.

ಬಣ್ಣಕ್ಕೂ ಮರುಳಾಗಬೇಡ. ಲೆಮನ್ ಫ್ರಾಸ್ಟ್ ಎಂಬ ತಿಳಿಹಳದಿ ತಳಿ ನೋಡಲು ಬಹಳ ಸೊಗಸು, ಆದರೆ ಆ ಬಣ್ಣ ಕೊಡುವ ಜೀನೇ ಮೈಯಲ್ಲಿ ಗಡ್ಡೆ ಎಬ್ಬಿಸುತ್ತದೆ ಎಂದು 2021ರಲ್ಲಿ ಗೊತ್ತಾಯಿತು. ಎನಿಗ್ಮಾ ಎಂಬ ಇನ್ನೊಂದು ತಳಿ ತಲೆ ಓರೆ ಮಾಡಿ ನಿಂತಲ್ಲೇ ಸುತ್ತುತ್ತದೆ. ಅದನ್ನೂ ಮುದ್ದು ಎಂದು ವಿಡಿಯೊ ಹಾಕುವವರಿದ್ದಾರೆ, ನನಗೆ ಸಿಟ್ಟು ಬರುತ್ತದೆ.

ಇಲಾಖೆಯವರು ಹೂಂ ಅಂದರೆ ಮೊದಲು ಪೆಟ್ಟಿಗೆ ಮಾಡಿಸು, ಪ್ರಾಣಿ ಆಮೇಲೆ. ಖಾಲಿ ಪೆಟ್ಟಿಗೆಯಲ್ಲಿ ಹಗಲು ರಾತ್ರಿ ಬಿಸಿ ಎಷ್ಟು ನಿಲ್ಲುತ್ತದೆ ಎಂದು ಕೆಲವು ವಾರ ಅಳೆದು ನೋಡು. ಹಲ್ಲಿ ನೋಡುವ ಡಾಕ್ಟರು ಯಾರು ಎಂದು ಈಗಲೇ ವಿಚಾರಿಸು. ನಮ್ಮ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದ್ದರೂ ಓಣಿಯ ಡಾಕ್ಟರು ನೋಡುವುದು ಎಮ್ಮೆ, ಆಡು. ದೀಪಾವಳಿಗೆ ನೀನು ಊರಿಗೆ ಬಂದಾಗ ಅಲ್ಲಿ ಹುಳ ಹಾಕುವವರು ಯಾರು ಎಂದೂ ಗೆಳತಿಯರ ಹತ್ತಿರ ಮಾತಾಡಿಟ್ಟುಕೋ.

ಬಿಸಿ ಬದಿಗೆ ಹಾಸಲು ಅಂಗಡಿಯಲ್ಲಿ ಮಾರುವ ದುಬಾರಿ ಕಲ್ಲು ಕೊಳ್ಳಬೇಡ. ಪೆಟ್ಟಿಗೆಯ ಒಳ ಅಳತೆ ಇಂಚಿನಲ್ಲಿ ಕಳಿಸು, ತೆಳ್ಳನೆಯ ಶಹಾಬಾದ್ ಫರ್ಸಿ ಕತ್ತರಿಸಿ, ಅಂಚು ತಿಕ್ಕಿಸಿ ಕಳಿಸುತ್ತೇನೆ. ಪಾಲಿಶ್ ಮಾಡಿಸಲ್ಲ, ಉಗುರಿಗೆ ಹಿಡಿತ ಸಿಗಬೇಕು. ಕಲ್ಲನ್ನು ಪೆಟ್ಟಿಗೆಯ ತಳಕ್ಕೇ ಕೂರಿಸು, ಮಣ್ಣಿನ ಮೇಲೆ ಬೇಡ. ಅದು ಅಡಿಯಲ್ಲಿ ತೋಡಿದರೆ ಕಲ್ಲು ಕುಸಿದು ಮೈಮೇಲೆ ಬೀಳುತ್ತದೆ. ಅಡಗಿಕೊಳ್ಳಲು ಗೂಡಿಗೂ ಮೂರು ತುಂಡು ಸೇರಿಸಿ ಕಟ್ಟಿಸುತ್ತೇನೆ. ಕರಿದು ಬೇಕೋ ಹಳದಿ ಬೇಕೋ ಅದನ್ನೂ ಬರಿ, ಮುಂದಿನ ವಾರ ಲಾರಿ ಬರುವುದಿದೆ.

ನಿನ್ನ
ಪಪ್ಪಾ