ಕ್ರಿ ದ್ವೀಪದಿಂದ ಅಮ್ಮನಿಗೆ

ಕ್ರಿ ದ್ವೀಪ, ರಾಜಾ ಅಂಪತ್
ಇಂಡೋನೇಷ್ಯಾ
ನವೆಂಬರ್ 14, ರಾತ್ರಿ

ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಮೊದಲು ಅದನ್ನೇ ಬರೆಯುತ್ತಿದ್ದೇನೆ, ಏಕೆಂದರೆ ಸೊರೊಂಗ್‌ನಿಂದ ಫೋನ್ ಮಾಡಿದಾಗ ನೀನು ಮೂರು ಸಲ ಕೇಳಿದ್ದು ಒಂದೇ ಮಾತು: "ಸಮುದ್ರದಲ್ಲಿ ಅಷ್ಟು ಆಳಕ್ಕೆ ಇಳಿದರೆ ಉಸಿರು ಕಟ್ಟುವುದಿಲ್ಲವೇ?" ನಾನು ಉತ್ತರ ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು. ಈ ದ್ವೀಪದಲ್ಲಂತೂ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಜನರೇಟರ್ ಆರಿಸುವ ಮೊದಲು ಕುಳಿತು ಬರೆಯುತ್ತಿದ್ದೇನೆ. ಅಪ್ಪನಿಗೂ ಅಜ್ಜಿಗೂ ಓದಿ ಹೇಳು.

ಇಲ್ಲಿಗೆ ಬರುವುದೇ ಒಂದು ಯಾತ್ರೆ. ಜಕಾರ್ತಾದಿಂದ ರಾತ್ರಿಯ ವಿಮಾನದಲ್ಲಿ ಸೊರೊಂಗ್, ಅಲ್ಲಿಂದ ಎರಡು ಗಂಟೆ ಹಡಗಿನಲ್ಲಿ ವೈಸಾಯ್, ಮತ್ತೆ ಸಣ್ಣ ದೋಣಿ. ರಾಜಾ ಎಂದರೆ ನಮ್ಮ ರಾಜನೇ, ಅಂಪತ್ ಎಂದರೆ ನಾಲ್ಕು. ವೈಗೆಯೊ, ಬತಾಂತಾ, ಸಲಾವತಿ, ಮಿಸೋಲ್ ಎಂಬ ನಾಲ್ಕು ದೊಡ್ಡ ದ್ವೀಪಗಳು. ಅವುಗಳ ಸುತ್ತ ಸಾವಿರಕ್ಕೂ ಹೆಚ್ಚು ಸಣ್ಣ ದ್ವೀಪಗಳು. ನಾಲ್ವರು ರಾಜರು ಮೊಟ್ಟೆಗಳಿಂದ ಹುಟ್ಟಿದರು ಎಂಬ ಕಥೆ ಇಲ್ಲಿದೆ. ಅಜ್ಜಿಗೆ ಅದನ್ನು ಊರಿಗೆ ಬಂದ ಮೇಲೆ ಪೂರ್ತಿ ಹೇಳುತ್ತೇನೆ.

ಈಗ ಉಸಿರಿನ ವಿಚಾರ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದೊಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಇಪ್ಪತ್ತು ಮೀಟರ್ ಆಳದಲ್ಲಿ ಅದು ದಡದಲ್ಲಿ ಇರುವುದರ ಮೂರು ಪಟ್ಟು. ಅಲ್ಲಿ ಬೆನ್ನಿಗೆ ಕಟ್ಟಿಕೊಂಡ ಗಾಳಿಯ ಸಿಲಿಂಡರಿನಿಂದ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಆ ಗಾಳಿ ಎದೆಯೊಳಗೇ ಹಿಗ್ಗಿ ಶ್ವಾಸಕೋಶವನ್ನು ಹರಿಯಬಹುದು. ಅದಕ್ಕೇ ಮೊದಲ ದಿನದ ಮೊದಲ ಪಾಠ: ಎಂದಿಗೂ ಉಸಿರು ಹಿಡಿಯಬೇಡ. ನೀನು ಬೆಳಿಗ್ಗೆ ಮಾಡುವ ಪ್ರಾಣಾಯಾಮದಲ್ಲಿ ಪೂರಕವೂ ರೇಚಕವೂ ನನಗೆ ಬೇಕು, ಕುಂಭಕ ಮಾತ್ರ ಬೇಡ. ಚಿಕ್ಕಂದಿನಲ್ಲಿ ನಿನ್ನ ಪಕ್ಕ ಕುಳಿತು ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು.

ಆದರೂ ಎರಡನೆಯ ದಿನ ಹೆದರಿದೆ. ನಿನ್ನಿಂದ ಅದನ್ನು ಮುಚ್ಚಿಡುವುದಿಲ್ಲ. ಕೇಪ್ ಕ್ರಿ ಎಂಬಲ್ಲಿ ಇಳಿದಾಗ ಸೆಳವು ಜೋರಾಗಿತ್ತು. ನನ್ನ ಉಸಿರಾಟ ಓಡತೊಡಗಿತು, ಸಿಲಿಂಡರಿನಲ್ಲಿ ಉಳಿದ ಗಾಳಿಯನ್ನು ತೋರಿಸುವ ಮುಳ್ಳು ಕಣ್ಣೆದುರೇ ಇಳಿಯುತ್ತಿತ್ತು. ಮಾರ್ಗದರ್ಶಕ ನನ್ನ ಕೈ ಹಿಡಿದು ಒಂದು ಬಂಡೆಯ ಮರೆಗೆ ತಂದು, ತನ್ನ ಅಂಗೈಯನ್ನು ನನ್ನ ಮುಖದ ಮುಂದೆ ನಿಧಾನವಾಗಿ ಏರಿಸಿ ಇಳಿಸಿದ. ಆ ಕೈಯನ್ನೇ ನೋಡುತ್ತಾ ಎಂಟು ಹತ್ತು ಸಲ ಉಸಿರಾಡಿದೆ. ಎದೆ ಸಮಾಧಾನವಾದ ಮೇಲೆ ತಲೆ ಎತ್ತಿದರೆ ಮೀನು, ಮೀನು, ಮೀನು! ಬೆಳ್ಳಿಯ ಬರಾಕುಡಾಗಳು ಸುತ್ತು ಹಾಕುತ್ತಿದ್ದವು, ಅವುಗಳ ಹಿಂದೆ ನೀಲಿ ಹಳದಿ ಮೀನುಗಳು ಸೋನೆ ಮಳೆಯ ಹಾಗೆ ಓರೆಯಾಗಿ ಇಳಿಯುತ್ತಿದ್ದವು. 2012ರಲ್ಲಿ ಜೆರಾಲ್ಡ್ ಆಲೆನ್ ಎಂಬ ಮೀನು ವಿಜ್ಞಾನಿ ಇದೇ ಜಾಗದಲ್ಲಿ ಒಂದೇ ಸಲ ಮುಳುಗಿ 374 ಜಾತಿಯ ಮೀನುಗಳನ್ನು ಎಣಿಸಿದರು. ನನ್ನನ್ನು ಹೆದರಿಸಿದ ಆ ಸೆಳವೇ ಇವುಗಳಿಗೆಲ್ಲ ಅನ್ನ ತರುವುದು. ಆಳದ ತಂಪು ನೀರನ್ನೂ ಅದರಲ್ಲಿರುವ ಆಹಾರವನ್ನೂ ಅದು ಹವಳದ ದಿಬ್ಬಗಳಿಗೆ ತಂದು ಸುರಿಯುತ್ತದೆ. ಅದು ಗೊತ್ತಾದ ಮೇಲೆ ಸೆಳವಿನ ಮೇಲಿದ್ದ ಸಿಟ್ಟು ಹೋಯಿತು.

ಮಂಟಾಗಳನ್ನೂ ನೋಡಿದೆ. ತೊರಕೆ ಮೀನಿನ ಬಳಗದವು, ರೆಕ್ಕೆಯಿಂದ ರೆಕ್ಕೆಗೆ ಹತ್ತು ಹನ್ನೆರಡು ಅಡಿ. ಮರಳಿನ ಮೇಲೆ ಕಲ್ಲು ಜೋಡಿಸಿದ ಗೆರೆ ಇದೆ. ನಾವು ಅದರ ಹಿಂದೆ ಮಂಡಿಯೂರಿ ಕುಳಿತೆವು. ಅವು ಹವಳದ ಮೇಲೆ ತೇಲಿ ನಿಂತು, ಸಣ್ಣ ಮೀನುಗಳಿಂದ ಮೈ ಶುಚಿ ಮಾಡಿಸಿಕೊಂಡು ಹೋದವು. ಹೊಟ್ಟೆಯ ಮೇಲಿನ ಕಪ್ಪು ಚುಕ್ಕೆಗಳು ಒಂದೊಂದಕ್ಕೂ ಬೇರೆ ಬೇರೆ, ನಮ್ಮ ಬೆರಳಚ್ಚಿನ ಹಾಗೆ.

ಆದರೆ ನಿನಗೆ ತೋರಿಸಬೇಕು ಎನಿಸಿದ್ದು ಬೇರೆಯೇ ಒಂದು. ಅದಕ್ಕೆ ನೀನು ಈಜು ಕಲಿಯಬೇಕಾಗಿಲ್ಲ, ಮರದ ಜೆಟ್ಟಿಯ ಮೇಲೆ ಟಾರ್ಚ್ ಹಿಡಿದು ಕುಳಿತರೆ ಸಾಕು. ನಿನ್ನೆ ಊಟವಾದ ಮೇಲೆ ಮೊಣಕಾಲುದ್ದದ ನೀರಿನಲ್ಲಿ ಎರಡಡಿಯ ಒಂದು ಶಾರ್ಕ್ ಕಂಡಿತು. ಕಂದು ಮೈ, ಚಿರತೆಯಂತೆ ಚುಕ್ಕೆಗಳು. ಅದು ಈಜುತ್ತಿರಲಿಲ್ಲ ಅಮ್ಮ, ನಡೆಯುತ್ತಿತ್ತು! ಮುಂದಿನ ಎರಡು ರೆಕ್ಕೆಗಳನ್ನೂ ಹಿಂದಿನ ಎರಡನ್ನೂ ಕಾಲಿನಂತೆ ಊರಿ, ಮೈ ಬಳುಕಿಸುತ್ತಾ, ಹವಳದ ತುಂಡುಗಳ ನಡುವೆ ಮೂತಿ ತೂರಿಸಿ ಏಡಿ ಹುಡುಕುತ್ತಿತ್ತು. ಅಂಬೆಗಾಲಿಡುವ ಮಗುವಿನ ಹಾಗೆ ಒಂದು ಕಡೆ ತಡೆದು ನಿಲ್ಲುವುದು, ಮತ್ತೆ ಎರಡು ಹೆಜ್ಜೆ. ಈ ಜಾತಿ ರಾಜಾ ಅಂಪತ್ ಬಿಟ್ಟು ಬೇರೆಲ್ಲೂ ಇಲ್ಲ. ಇಲ್ಲಿಯವರು ಇದನ್ನು 'ಕಲಬಿಯಾ' ಎನ್ನುತ್ತಾರೆ.

ನಾನು ಉಳಿದಿರುವ ಮನೆಯ ಯಜಮಾನರನ್ನು ಎಲ್ಲರೂ 'ಬಪಾಕ್' ಎಂದು ಕರೆಯುತ್ತಾರೆ, ಅಪ್ಪಾ ಎಂದ ಹಾಗೆ. ಅವರು ಹುಡುಗನಾಗಿದ್ದಾಗ ಹೊರಗಿನಿಂದ ಬಂದವರು ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದರಂತೆ. ಆಗ ಒಡೆದ ಹವಳದ ಚೂರುಗಳು ಇಂದಿಗೂ ಬಿದ್ದಿರುವುದನ್ನು ತೋರಿಸಿದರು. ಇಲ್ಲಿ 'ಸಾಸಿ' ಎಂಬ ಹಳೆಯ ಕಟ್ಟಳೆ ಇದೆ: ಊರವರು ಸೇರಿ ಸಮುದ್ರದ ಒಂದು ಭಾಗವನ್ನು ಮುಚ್ಚುತ್ತಾರೆ, ತೆರೆಯುವ ದಿನದವರೆಗೆ ಅಲ್ಲಿ ಯಾರೂ ಲಾಬ್‌ಸ್ಟರನ್ನಾಗಲಿ ಸಮುದ್ರ ಸೌತೆ ಎಂಬ ಜೀವಿಯನ್ನಾಗಲಿ ಮುಟ್ಟುವಂತಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ನಾವು ಮಂಡಕ್ಕಿ ಹಾಕಿದ್ದು ನೆನಪಾಯಿತು. 2014ರಲ್ಲಿ ಇಂಡೋನೇಷ್ಯಾ ಇಡೀ ದೇಶದಲ್ಲಿ ಮಂಟಾ ಬೇಟೆಯನ್ನು ನಿಷೇಧಿಸಿತು. ಆದರೆ ಇಷ್ಟು ದೂರದ ದ್ವೀಪಗಳಲ್ಲಿ ಕಾವಲು ಕಾಯುವವರು ಬಪಾಕ್‌ರಂಥವರೇ. ನನಗೆ ಅವರ ಮೇಲೆ ತುಂಬಾ ಗೌರವ ಬಂದಿದೆ.

ಗುರುವಾರ ಬೆಳಿಗ್ಗೆ ಕೊನೆಯ ಡೈವ್. ಆಮೇಲೆ ಇಡೀ ಒಂದು ದಿನ ದಡದಲ್ಲೇ ಇರುತ್ತೇನೆ. ರಕ್ತದಲ್ಲಿ ಕರಗಿದ ಸಾರಜನಕ ಹೊರಗೆ ಹೋಗುವ ಮೊದಲು ವಿಮಾನ ಹತ್ತಬಾರದು. ಸೊರೊಂಗ್ ತಲುಪಿದ ಕೂಡಲೇ ಫೋನ್ ಮಾಡುತ್ತೇನೆ. ಇಲ್ಲಿಯ ಗಡಿಯಾರ ನಿಮಗಿಂತ ಮೂರೂವರೆ ಗಂಟೆ ಮುಂದಿದೆ, ನೀನು ಪೂಜೆ ಮುಗಿಸಿರುತ್ತೀಯ.

ಜನರೇಟರ್ ನಿಂತಿತು. ಟಾರ್ಚ್ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಜೆಟ್ಟಿಯ ಕೆಳಗೆ ನೀರು ಕಲಕಿದ ಸದ್ದಾಯಿತು. ಹೋಗಿ ನೋಡುತ್ತೇನೆ.

ಇತಿ ನಿನ್ನ ಪ್ರೀತಿಯ,
ಮಗಳು